ಗ್ಯಾಸ್ ಕಟರ್ ಹಚ್ಚುವ ಮುನ್ನ

ಹುಬ್ಬಳ್ಳಿಯ ಅಂಚಿಗಿರುವ ಒಂದು ಗುಜರಿ ಅಂಗಳ. ಏಪ್ರಿಲ್ ತಿಂಗಳು, ಬೆಳಗಿನ ಹತ್ತಕ್ಕೇ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಕೆಎ-25 ನಂಬರಿನ ಬಿಳಿ ಮಾರುತಿ 800 ಒಂದನ್ನು ನಾಲ್ಕು ಜನ ಎತ್ತಿ ವಾಲಿಸಿ, ಕೆಳಗೆ ಹಳೆಯ ರಿಮ್ಮು ಕೊಟ್ಟು ನಿಲ್ಲಿಸಿದ್ದರು. ಹುಡುಗನೊಬ್ಬ ಅಡಿಗೆ ನುಸುಳಿ, ಪಾನಾ ಹಚ್ಚಿ ಎಂಜಿನ್ನಿನ ತಳದ ನಟ್ಟು ಬಿಚ್ಚಿದ. ಕಾಕಂಬಿಯಂಥ ಕಪ್ಪು ಎಣ್ಣೆ ಸುರಿಯಿತು. ಕೆಳಗೆ ಬುಟ್ಟಿ ಇರಲಿಲ್ಲ, ಡಬ್ಬಿ ಇರಲಿಲ್ಲ. ಎಣ್ಣೆ ಹರಡಲೂ ಇಲ್ಲ. ಬೇಸಿಗೆಗೆ ಬಾಯಿಬಿಟ್ಟಿದ್ದ ಎರೆಮಣ್ಣಿನ ಬಿರುಕಿನೊಳಗೆ ಸದ್ದಿಲ್ಲದೆ ಇಳಿದುಹೋಯಿತು.

ನಾನು ನೋಡುತ್ತ ನಿಂತದ್ದು ಕಂಡು ಮೇಸ್ತ್ರಿ ನಕ್ಕರು. "ಚಿಂತಿ ಮಾಡಬ್ಯಾಡ್ರಿ ಸರ. ಎರಿ ಮಣ್ಣು, ಎಲ್ಲಾ ಕುಡೀತೈತಿ."

ಕುಡಿದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಹಿಡಿದುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಹಳೆ ಗಾಡಿ ಒಡೆಯುವ ಧಂದೆ ನಡೆಸುವವರಿಗೆ, ಹೊಸದಾಗಿ ಇಳಿಯಬೇಕೆಂದವರಿಗೆ, ಮನೆ ಮುಂದೆ ನಿಂತ ಗಾಡಿಯನ್ನು ಯಾರಿಗೆ ಕೊಡಬೇಕೆಂದು ಯೋಚಿಸುತ್ತಿರುವವರಿಗೆ ಇದು ಉಪಯೋಗಕ್ಕೆ ಬಂದರೆ ಸಾಕು.

ಗಾಡಿ ಒಡೆಯುವುದು ಕೆಟ್ಟ ಕೆಲಸವಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಪರಿಸರದ ಮಾತು ಬಂದ ಕೂಡಲೇ ಗುಜರಿಯವರನ್ನು ಕಟಕಟೆಯಲ್ಲಿ ನಿಲ್ಲಿಸುವ ಚಾಳಿ ನಮಗಿದೆ. ಕೇಂದ್ರ ಸರ್ಕಾರದ 2019ರ ಉಕ್ಕು ಗುಜರಿ ನೀತಿ ಒಂದು ಲೆಕ್ಕ ಕೊಡುತ್ತದೆ: ಒಂದು ಟನ್ ಗುಜರಿ ಕರಗಿಸಿ ಉಕ್ಕು ಮಾಡಿದರೆ 1.1 ಟನ್ ಕಬ್ಬಿಣದ ಅದಿರು, 630 ಕಿಲೋ ಕೋಕಿಂಗ್ ಕಲ್ಲಿದ್ದಲು, 55 ಕಿಲೋ ಸುಣ್ಣಕಲ್ಲು ಉಳಿಯುತ್ತದೆ. ನೀರಿನ ಬಳಕೆ ಶೇ 40ರಷ್ಟು ಕಡಿಮೆ. ಸಂಡೂರಿನ ಗುಡ್ಡಗಳನ್ನು ಕಣ್ಣಾರೆ ಕಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಮಾರುತಿ 800 ತೂಗುವುದು ಸುಮಾರು 650 ಕಿಲೋ; ಅದರಲ್ಲಿ ಹೆಚ್ಚಿನ ಪಾಲು ಕಬ್ಬಿಣ, ಉಕ್ಕು. ಬೆಳಗಾವಿ, ಕೊಲ್ಹಾಪುರದ ಫೌಂಡ್ರಿಗಳು ಗುಜರಿ ಇಲ್ಲದೆ ಒಲೆ ಹಚ್ಚಲಾರವು.

ಕಬ್ಬಿಣ ಒಣ ಸರಕು, ಅದರಿಂದ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ಗಾಡಿಯ ಹೊಟ್ಟೆಯಲ್ಲಿರುವ ಹಸಿ ಸರಕಿನಲ್ಲಿ: ಎಣ್ಣೆ, ಇಂಧನ, ಆ್ಯಸಿಡ್, ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಗ್ಯಾಸ್. ಇವೆಲ್ಲ ಹೊರಗೆ ಬರುವುದು ಗಾಡಿ ಅಂಗಳಕ್ಕೆ ಬಂದ ಮೊದಲ ಒಂದೆರಡು ತಾಸಿನಲ್ಲಿ. ಆ ಹೊತ್ತನ್ನು ಸರಿಯಾಗಿ ಸಂಭಾಳಿಸಿದವನು ಮುಕ್ಕಾಲು ಗೆದ್ದ ಹಾಗೆ. ಆ ಹೊತ್ತಿಗೆ ಮುಂಚೆ ಗ್ಯಾಸ್ ಕಟರ್ ಹಚ್ಚಿದವನು ಎಷ್ಟು ಲೈಸೆನ್ಸು ಗೋಡೆಗೆ ತೂಗಿಹಾಕಿದ್ದರೂ ಕೆಟ್ಟ.

ಈಗ ಯಾಕೆ ಈ ಮಾತು

ಗುಜರಿ, ನಮ್ಮ ಕಡೆ ಮೋಡಕಾ ಎಂದೂ ಅನ್ನುವ ಈ ಧಂದೆ ಮೊನ್ನೆಮೊನ್ನೆಯವರೆಗೆ ತೂಕದ ಕಾಟಾ ಮತ್ತು ಬಾಯಿಮಾತಿನ ಮೇಲೆ ನಡೆಯಿತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ವಾಹನ ಗುಜರಿ ಘಟಕಗಳ ನೋಂದಣಿಗೆಂದೇ ನಿಯಮ ತಂದಿತು. ಅದರ ಪ್ರಕಾರ ನೋಂದಾಯಿತ ಘಟಕ ಮಾತ್ರ ಗಾಡಿಯನ್ನು ಕಾನೂನುಬದ್ಧವಾಗಿ ಒಡೆದು ಸರ್ಟಿಫಿಕೇಟ್ ಕೊಡಬಹುದು. 2025ರ ಜನವರಿಯಲ್ಲಿ ಪರಿಸರ ಸಚಿವಾಲಯ ಆಯುಷ್ಯ ಮುಗಿದ ವಾಹನಗಳ ನಿಯಮ ಹೊರಡಿಸಿತು. 2025ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಗಾಡಿ ತಯಾರಿಸುವ ಕಂಪನಿಯೇ ಹಳೆ ಗಾಡಿಯ ಹೊಣೆಯನ್ನೂ ಹೊರಬೇಕು ಎನ್ನುವುದು ಅದರ ತಿರುಳು. ಹಿಂದೆ ಮಾರಿದ ಗಾಡಿಗಳಲ್ಲಿದ್ದ ಉಕ್ಕಿನ ಇಂತಿಷ್ಟು ಪಾಲು ಮರುಬಳಕೆಯಾಗಿದೆ ಎಂದು ಕಂಪನಿ ತೋರಿಸಬೇಕು: 2025-26ರಿಂದ ಐದು ವರ್ಷ ಶೇ 8, ನಂತರದ ಐದು ವರ್ಷ ಶೇ 13, 2035-36ರಿಂದ ಶೇ 18. ತೋರಿಸಲು ಬೇಕಾದ ಸರ್ಟಿಫಿಕೇಟ್ ಹುಟ್ಟುವುದು ಗುಜರಿ ಘಟಕದಲ್ಲಿ. ಅಂದರೆ ಕಬ್ಬಿಣದ ಜೊತೆಗೆ ಮಾರಬಹುದಾದ ಇನ್ನೊಂದು ಸರಕು ಧಂದೆಗೆ ಸಿಕ್ಕಿದೆ, ಲೆಕ್ಕ ಚೊಕ್ಕವಾಗಿ ಇಟ್ಟವರಿಗೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಇದು ದೂರದ ದಿಲ್ಲಿಯ ಸುದ್ದಿಯಲ್ಲ. ಬಸ್ಸು ಹುಟ್ಟುವುದೂ ಇಲ್ಲೇ, ಹಿಂದೆ ಟಾಟಾ ಮಾರ್ಕೊಪೋಲೊ ಎಂಬ ಹೆಸರಿದ್ದ ಧಾರವಾಡದ ಟಾಟಾ ಕಾರ್ಖಾನೆಯಲ್ಲಿ. ಓಡಿಸುವವರೂ ಇಲ್ಲಿಯವರೇ: ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಗೋಕುಲ ರಸ್ತೆಯಲ್ಲಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ. ಅವು ಹೋಗಬೇಕಾದದ್ದು ನೋಂದಾಯಿತ ಘಟಕಕ್ಕೆ. ನೂರಕ್ಕಿಂತ ಹೆಚ್ಚು ಗಾಡಿ ಇಟ್ಟುಕೊಂಡವರನ್ನು 2025ರ ನಿಯಮ ಸಗಟು ಬಳಕೆದಾರರೆಂದು ಬೇರೆಯಾಗಿಯೇ ಗುರುತಿಸುತ್ತದೆ.

ಖಾಸಗಿ ಗಾಡಿಯವರು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಹದಿನೈದು ವರ್ಷ ತುಂಬಿತು ಎಂಬ ಒಂದೇ ಕಾರಣಕ್ಕೆ ನಮ್ಮ ರಾಜ್ಯದಲ್ಲಿ ಕಾರನ್ನು ಗುಜರಿಗೆ ಹಾಕಬೇಕಿಲ್ಲ. ಫಿಟ್‌ನೆಸ್ ಪಾಸಾಗಿ ನೋಂದಣಿ ನವೀಕರಣವಾದರೆ ಓಡಿಸಬಹುದು. ನೋಂದಣಿ ಸತ್ತ, ಫಿಟ್‌ನೆಸ್ ಸಿಗದ, ಅಥವಾ ಮಾಲೀಕನೇ ಸಾಕೆಂದ ಗಾಡಿ ಮಾತ್ರ ಆಯುಷ್ಯ ಮುಗಿದದ್ದು; ಅಂಥದ್ದನ್ನು 180 ದಿನದೊಳಗೆ ಒಪ್ಪಿಸಬೇಕು. ಟ್ರ್ಯಾಕ್ಟರ್, ಟ್ರೇಲರ್, ಪವರ್ ಟಿಲ್ಲರ್, ಕೊಯ್ಲು ಯಂತ್ರ ಈ ನಿಯಮದ ಹೊರಗಿವೆ. ನವಲಗುಂದ, ಕುಂದಗೋಳ ಕಡೆಯಿಂದ ಬರುವ ಹಳೆ ಟ್ರ್ಯಾಕ್ಟರೇ ನಮ್ಮ ಗುಜರಿಗಳ ಅರ್ಧ ಹೊಟ್ಟೆ ಹೊರೆಯುತ್ತದೆಯಲ್ಲ, ಅದಕ್ಕೆ ಹೇಳಿದೆ. ಆದರೆ ಟ್ರ್ಯಾಕ್ಟರಿಗೆ ವಿನಾಯಿತಿ ಇದೆ, ಅದರ ಎಣ್ಣೆಗಿಲ್ಲ. ಬಳಸಿದ ಎಣ್ಣೆ ಯಾವ ಎಂಜಿನ್ನಿನಿಂದ ಇಳಿದರೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದೊಳಗೇ ಬರುತ್ತದೆ.

ನೆಲ

ಗುಜರಿ ಅಂಗಳ ಮಾಡುವವರು ಮೊದಲು ಕಾಟಾ ಕೊಳ್ಳುತ್ತಾರೆ, ಆಮೇಲೆ ಕ್ರೇನು. ನನ್ನ ಕೇಳಿದರೆ ಮೊದಲ ದುಡ್ಡು ನೆಲಕ್ಕೆ ಹೋಗಬೇಕು.

ಎರೆಮಣ್ಣು ವಿಚಿತ್ರ ಸ್ವಭಾವದ್ದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಒಳಗೆ ಹನಿ ಬಿಡದಂತೆ ಬಿಗಿದುಕೊಳ್ಳುತ್ತದೆ. ಇದನ್ನೇ ನೋಡಿ "ಜೇಡಿ ನೆಲ, ಏನೂ ಇಳಿಯಂಗಿಲ್ಲ" ಎಂದು ನಂಬಿದವರಿದ್ದಾರೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ, ಕೈ ತೂರುವಷ್ಟು ಅಗಲದ ಬಿರುಕು ಬಿಡುತ್ತದೆ. ಮೇಲೆ ಸುರಿದದ್ದು ಸೋಸಿಕೊಳ್ಳುತ್ತ ಇಳಿಯುವುದಿಲ್ಲ, ಕೊಳವೆಯಲ್ಲಿ ಬಿದ್ದಂತೆ ನೇರ ಕೆಳಗೆ ಹೋಗುತ್ತದೆ. ಮತ್ತೆ ಮಳೆ ಬಂದಾಗ ಬಿರುಕು ಮುಚ್ಚಿಕೊಂಡು ಎಣ್ಣೆ ಒಳಗೇ ಬಂಧಿಯಾಗುತ್ತದೆ. ಧಾರವಾಡದ ಪಶ್ಚಿಮಕ್ಕಿರುವ ಕೆಂಪು ನೆಲದಲ್ಲಾದರೆ ಎಣ್ಣೆ ಬಿದ್ದ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಎರೆ ನೆಲದಲ್ಲಿ ಕಲೆ ಕಾಣುವುದೇ ಇಲ್ಲ. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕಾಂಕ್ರೀಟು ಹಾಕಿದರಾಯಿತು ಎಂದರೆ ಅದೂ ಸುಲಭವಲ್ಲ. ಎರೆಮಣ್ಣಿನ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಎರಡು ಮಳೆಗಾಲಕ್ಕೆ ಸೀಳುತ್ತದೆ. ಮನೆ ಕಟ್ಟಿದ ಹುಬ್ಬಳ್ಳಿಯವರಿಗೆಲ್ಲ ಗೊತ್ತು. ಎಂಜಿನಿಯರ್ ಹೇಳಿದಷ್ಟು ಆಳ ಎರೆ ತೆಗೆಸಿ, ಗರಸು ತುಂಬಿ, ನೀರು ಹೊಡೆದು ರೋಲರ್ ಓಡಿಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಆಮೇಲೆ ಕಬ್ಬಿಣದ ಜಾಲರಿ ಕಟ್ಟಿದ ಕಾಂಕ್ರೀಟು. ಜೋಡಣೆಯ ಸಂದುಗಳನ್ನು ಎಣ್ಣೆಗೆ ಕರಗದ ಸೀಲೆಂಟಿನಿಂದ ತುಂಬಬೇಕು; ಡಾಂಬರು ಬೇಡ, ಪೆಟ್ರೋಲ್ ಬಿದ್ದರೆ ಕರಗುತ್ತದೆ. ಇಡೀ ಅಂಗಳಕ್ಕೆ ಇಷ್ಟು ಖರ್ಚು ಮಾಡುವ ಶಕ್ತಿ ಎಲ್ಲರಿಗಿಲ್ಲ. ಒಂದು ಬಸ್ಸು ಅಥವಾ ಎರಡು ಕಾರು ನಿಲ್ಲುವಷ್ಟು ಜಾಗಕ್ಕಾದರೂ ಇದನ್ನು ಮಾಡಿಸಿ, ಹಸಿ ಕೆಲಸವೆಲ್ಲ ಅಲ್ಲಿಯೇ ಮುಗಿಸಿದರೆ ಉಳಿದ ಅಂಗಳ ಬರೀ ಒಣ ಕಬ್ಬಿಣಕ್ಕೆ ಸಾಕಾಗುತ್ತದೆ.

ಆ ಜಾಗದ ಮೇಲೆ ತಗಡಿನ ಶೆಡ್ ಇರಲೇಬೇಕು. ಲೆಕ್ಕ ಹಾಕಿ: ಸಾವಿರ ಚದರಡಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರು. ಮೇ ತಿಂಗಳ ಗುಡುಗು ಮಳೆ ಅರ್ಧ ತಾಸಿನಲ್ಲಿ ಅಷ್ಟು ಸುರಿಯುತ್ತದೆ. ಅಷ್ಟೂ ನೀರಿಗೆ ಎಣ್ಣೆ ಸೇರಿದರೆ ಯಾವ ತೊಟ್ಟಿಯೂ ಸಾಲದು. ದೊಡ್ಡ ತೊಟ್ಟಿ ಕಟ್ಟುವುದಕ್ಕಿಂತ ಮೇಲೆ ತಗಡು ಹೊದಿಸುವುದು ಅಗ್ಗ.

ಶೆಡ್ಡಿನ ನೆಲ ಒಂದು ಮೂಲೆಗೆ ಇಳಿಜಾರಾಗಿ, ಅಲ್ಲೊಂದು ಮೂರು ಖಾನೆಯ ತೊಟ್ಟಿ ಇರಬೇಕು. ತಂತ್ರ ಏನೂ ದೊಡ್ಡದಲ್ಲ. ಮೊದಲ ಖಾನೆಯಲ್ಲಿ ಮಣ್ಣು, ತುಕ್ಕು ತಳಕ್ಕೆ ಕೂಡುತ್ತದೆ. ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲುತ್ತದೆ. ಅದರಿಂದ ಮೂರನೆಯದಕ್ಕೆ ಹೋಗುವ ಪೈಪಿನ ಬಾಯಿ ತಳದ ಹತ್ತಿರ ಇರುವುದರಿಂದ ತಿಳಿನೀರು ಮಾತ್ರ ದಾಟುತ್ತದೆ. ತೇಲಿದ ಎಣ್ಣೆಯನ್ನು ವಾರಕ್ಕೊಮ್ಮೆ ಬಳಿದು ಡ್ರಮ್ಮಿಗೆ ತುಂಬಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಎಲ್ಲ ಹಾಳುಮಾಡುವ ಒಂದು ಅಭ್ಯಾಸವಿದೆ: ಸಂಜೆ ನೆಲಕ್ಕೆ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆಯುವುದು. ಸೋಪು ಬಿದ್ದರೆ ಎಣ್ಣೆ ಹಾಲಿನಂತೆ ನೀರಿನಲ್ಲಿ ಬೆರೆತು ತೊಟ್ಟಿಯನ್ನು ದಾಟಿಹೋಗುತ್ತದೆ. ಎಣ್ಣೆ ಚೆಲ್ಲಿದರೆ ಕಟ್ಟಿಗೆ ಹೊಟ್ಟು ಹಾಕಿ ಹೀರಿಸಿ ಗುಡಿಸಿ. ಗುಡಿಸಿದ ಹೊಟ್ಟೂ ಅಪಾಯಕಾರಿ ತ್ಯಾಜ್ಯವೇ. ಚಹಾದ ಒಲೆಗೆ ಹೋಗಬಾರದು.

ದಾಟಿಹೋದ ನೀರು ಎಲ್ಲಿಗೆ? ಹುಬ್ಬಳ್ಳಿ-ಧಾರವಾಡ ನೀರು ಇಬ್ಭಾಗವಾಗುವ ದಿಬ್ಬದ ಮೇಲೆ ಕುಳಿತ ಊರು. ಹುಬ್ಬಳ್ಳಿಯ ನಾಲೆಗಳ ನೀರು ಬೆಣ್ಣೆಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ದಾರಿ ಹಿಡಿದು, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ. ಇಲ್ಲಿ ಚೆಲ್ಲಿದ ಎಣ್ಣೆಗೆ ಎರಡು ಸಮುದ್ರದ ದಾರಿ ತೆರೆದಿದೆ. ಸಮುದ್ರದ ಮಾತು ಹಾಗಿರಲಿ, ನಡುವೆ ಬೆಣ್ಣೆಹಳ್ಳದ ದಂಡೆಗೆ ನವಲಗುಂದ, ರೋಣದ ಹೊಲಗಳಿವೆ. ದನಕರು ನೀರು ಕುಡಿಯುವುದು ಅಲ್ಲೇ.

ಮೊದಲ ತಾಸು

ಆ ಮಾರುತಿಯ ಹತ್ತಿರ ಹೋಗೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಗಾಡಿ. ಇನ್ನೂ ಹತ್ತಾರು ವರ್ಷ ಗುಜರಿಗೆ ಬರುತ್ತಲೇ ಇರುತ್ತದೆ. ಚಿಕ್ಕದು, ಸರಳ. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ.

ಮೊದಲು ಬ್ಯಾಟರಿ. ಮೈನಸ್ ತುದಿ ಮೊದಲು ಬಿಚ್ಚಬೇಕು, ಕಿಡಿ ಹಾರಬಾರದು. ಬ್ಯಾಟರಿಯನ್ನು ನೆಟ್ಟಗೆ, ನೆರಳಿನಲ್ಲಿ, ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಡಬೇಕು. ಆ್ಯಸಿಡ್ ಚೆಲ್ಲಿ ಬರೀ ಸೀಸ ಮಾರುವ ಪದ್ಧತಿ ಇದೆಯಲ್ಲ, ಇಡೀ ಧಂದೆಯಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಗಂಧಕಾಮ್ಲದ ಜೊತೆ ಸೀಸವೂ ನೆಲಕ್ಕೆ ಹೋಗುತ್ತದೆ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಮಕ್ಕಳ ಮೆದುಳಿಗೆ ಹತ್ತಿದರೆ ಹೋಗುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದಡಿ ನೋಂದಣಿಯಾದ ಮರುಬಳಕೆದಾರರಿಗೆ ಇಡಿಯಾಗಿಯೇ ಕೊಡಿ.

ಆಮೇಲೆ ಇಂಧನ. ಟ್ಯಾಂಕಿಗೆ ರಬ್ಬರ್ ನಳಿಗೆ ಇಳಿಸಿ ಬಾಯಲ್ಲಿ ಎಳೆಯುವುದನ್ನು ಇವತ್ತೇ ನಿಲ್ಲಿಸಿ. ಕೈಪಂಪು ನೂರಿನ್ನೂರು ರೂಪಾಯಿಯ ಸಾಮಾನು. ಶ್ವಾಸಕೋಶಕ್ಕೆ ಪೆಟ್ರೋಲ್ ಹೋದರೆ ಆಸ್ಪತ್ರೆಯ ಬಿಲ್ಲು ಸಾವಿರಗಳಲ್ಲಿ. ತೆಗೆದ ಪೆಟ್ರೋಲನ್ನು ಕೂಡಿಡುವುದೂ ತಪ್ಪು. ಲೈಸೆನ್ಸ್ ಇಲ್ಲದೆ 30 ಲೀಟರಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಆಗಿಂದಾಗ ನಿಮ್ಮದೇ ಗಾಡಿಗೆ ಹಾಕಿ ಖರ್ಚು ಮಾಡುವುದು ಲೇಸು. ಖಾಲಿ ಟ್ಯಾಂಕು ಸುರಕ್ಷಿತ ಎಂಬ ಭ್ರಮೆ ಎಷ್ಟೋ ಜನರ ಕೈಕಾಲು ತೆಗೆದಿದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಪೆಟ್ರೋಲ್ ಆವಿ ಮತ್ತು ಗಾಳಿ ಸರಿಯಾಗಿ ಬೆರೆತಿರುತ್ತವೆ. ಗ್ಯಾಸ್ ಕಟರ್ ಟ್ಯಾಂಕಿನ ಹತ್ತಿರ ಸುಳಿಯಬಾರದು. ಬೋಲ್ಟು ಬಿಚ್ಚಿ ಟ್ಯಾಂಕನ್ನು ಹೊರಗೆ ತೆಗೆದು, ತೆರೆದ ಗಾಳಿಗೆ ಬಿಟ್ಟು, ನೀರು ತುಂಬಿಸಿ ಆಮೇಲಷ್ಟೇ ಮುಂದಿನ ಮಾತು. ಆ ನೀರೂ ಮೂರು ಖಾನೆಯ ತೊಟ್ಟಿಗೇ ಹೋಗಬೇಕು.

ಎಂಜಿನ್ ಆಯಿಲ್ ಮಾರುತಿಯಲ್ಲಿ ಸುಮಾರು ಮೂರು ಲೀಟರ್. ನಿಂತುಹೋದ ಗಾಡಿಯ ಎಣ್ಣೆ ತಣ್ಣಗಿರುತ್ತದೆ, ನಿಧಾನ ಇಳಿಯುತ್ತದೆ. ಅವಸರ ಮಾಡದೆ ಅರ್ಧ ತಾಸು ಬಿಡಿ. ಫಿಲ್ಟರಿಗೆ ತೂತು ಹೊಡೆದು ರಾತ್ರಿಯಿಡೀ ಬೋರಲು ಹಾಕಿ. ಗೇರ್ ಆಯಿಲ್ಲನ್ನು ಇದರ ಜೊತೆ ಸೇರಿಸಬಹುದು. ಬ್ರೇಕ್ ಆಯಿಲ್ ಮತ್ತು ಕೂಲೆಂಟ್ ಮಾತ್ರ ಸೇರಿಸಲೇಬಾರದು. ಹೆಸರಿನಲ್ಲಿ ಆಯಿಲ್ ಇದ್ದರೂ ಬ್ರೇಕಿನದು ಬೇರೆ ಜಾತಿಯ ರಾಸಾಯನಿಕ. ಎರಡು ಲೀಟರ್ ಬ್ರೇಕ್ ಆಯಿಲ್ ಬಿದ್ದರೆ ಇನ್ನೂರು ಲೀಟರಿನ ಡ್ರಮ್ಮನ್ನೇ ಖರೀದಿದಾರ ತಿರುಗಿಸಿ ಕಳಿಸುತ್ತಾನೆ. ಹಾಗಾಗಿ ಮೂರು ಬಣ್ಣದ ಮೂರು ಕ್ಯಾನು, ಮೂರು ಬೇರೆ ಲಾಳಿಕೆ. ಓದಲು ಬಾರದ ಹುಡುಗನಿಗೂ ಬಣ್ಣ ಗೊತ್ತಾಗುತ್ತದೆ.

ಕೂಲೆಂಟಿನ ಬಗ್ಗೆ ಇನ್ನೊಂದು ಮಾತು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಅಂಗಳದಲ್ಲಿ ತಟ್ಟೆ ತುಂಬ ಬಿಟ್ಟರೆ ನಾಯಿ ನೆಕ್ಕುತ್ತದೆ, ಬೀಡಾಡಿ ದನ ಬಾಯಿ ಹಾಕುತ್ತದೆ, ಮೂತ್ರಪಿಂಡ ಹೋಗಿ ಸಾಯುತ್ತದೆ. ನಮ್ಮೂರಿನ ರಸ್ತೆಗಳಲ್ಲಿ ಎಷ್ಟು ದನ ಅಲೆಯುತ್ತವೆ ಎಂದು ಹೇಳಬೇಕಿಲ್ಲ. ಮುಚ್ಚಳ ಹಾಕಿದ ಕ್ಯಾನೇ ಆಗಬೇಕು.

ಎಸಿ ಇದ್ದ ಗಾಡಿಯಾದರೆ ಕಣ್ಣಿಗೆ ಕಾಣದ ಒಂದು ಕಾಟ. ಪೈಪು ಕತ್ತರಿಸಿದ ಕೂಡಲೇ "ಸುಯ್" ಎಂದು ಹೋಗುವುದು ಹೆಚ್ಚಿನ ಕಾರುಗಳಲ್ಲಿ ಆರ್-134ಎ ಎಂಬ ಗ್ಯಾಸು. ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಬಲವಾದದ್ದು. ಅರ್ಧ ಕಿಲೋ ಹೋಯಿತೆಂದರೆ ಏಳುನೂರು ಕಿಲೋ ಡೈಆಕ್ಸೈಡ್ ಬಿಟ್ಟಂತೆ, ಅಂದರೆ ಮುನ್ನೂರು ಲೀಟರ್ ಪೆಟ್ರೋಲ್ ಸುಟ್ಟಂತೆ. ಆ ಒಂದು "ಸುಯ್"ನಲ್ಲಿ ಇದೇ ಮಾರುತಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಐದಾರು ಸಲ ಹೋಗಿ ಬರಬಹುದಿತ್ತು. ಗ್ಯಾಸ್ ಹೀರಿಕೊಳ್ಳುವ ಮಶೀನು ದುಬಾರಿ ನಿಜ. ನಾಲ್ಕೈದು ಅಂಗಳದವರು ಕೂಡಿ ಒಂದು ಕೊಳ್ಳಬಹುದು, ಇಲ್ಲವೇ ಕಾರ್ ಎಸಿ ಕೆಲಸದವರನ್ನು ವಾರಕ್ಕೊಂದು ದಿನ ಕರೆಸಿ ಎಲ್ಲ ಗಾಡಿಯದೂ ಒಟ್ಟಿಗೆ ತೆಗೆಸಬಹುದು.

ಸಿಎನ್‌ಜಿ, ಎಲ್‌ಪಿಜಿ ಆಟೋಗಳು ಈಗ ಬರತೊಡಗಿವೆ. ಸಿಎನ್‌ಜಿ ಸಿಲಿಂಡರಿನಲ್ಲಿ 200 ಬಾರ್ ಒತ್ತಡ. ಸ್ವಂತ ಬುದ್ಧಿ ಓಡಿಸದೆ ಪರವಾನಗಿ ಇದ್ದ ಸಿಲಿಂಡರ್ ಪರೀಕ್ಷಾ ಕೇಂದ್ರದವರಿಗೆ ಬಿಡಿ. ಗಾಳಿಚೀಲ ಇರುವ ಕಾರಿಗೂ ಇದೇ ಮಾತು. ಸಿಡಿಯದ ಚೀಲದೊಳಗೆ ಸಣ್ಣ ಸಿಡಿಮದ್ದೇ ಇರುತ್ತದೆ. ಬ್ರೇಕ್ ಲೈನರಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಹಳೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಅರಿವೆಯಿಂದ ಒರೆಸಿ. ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಒಡೆದು ಪುಡಿ ಜರಡಿ ಹಿಡಿಯುವವರೂ ಇದ್ದಾರೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದು ನಿಜ; ಪುಡಿ ಮೂಗಿಗೆ ಹೋಗುವುದೂ ನಿಜ. ಇಡಿಯಾಗಿ ಮಾರಿದರೆ ಬೆಲೆ ಹೆಚ್ಚೇ ಬರುತ್ತದೆ.

ಇಷ್ಟೂ ಕೆಲಸಕ್ಕೆ ಒಬ್ಬ ಪಳಗಿದ ಆಳಿಗೆ ಎರಡು ತಾಸು. ಇದಾದ ಮೇಲೆ ಗ್ಯಾಸ್ ಕಟರ್.

ಡ್ರಮ್ಮು ತುಂಬಿತು, ಈಗ?

ಇಲ್ಲಿಯೇ ಒಳ್ಳೆಯವರೂ ಎಡವುತ್ತಾರೆ. ಕರಿ ಎಣ್ಣೆಗೆ ಹುಬ್ಬಳ್ಳಿಯಲ್ಲಿ ಗಿರಾಕಿಗೆ ಬರವಿಲ್ಲ. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕಟ್ಟಡದವರು ಒಯ್ಯುತ್ತಾರೆ, ಭಟ್ಟಿಗೆ ಉರುವಲಾಗಿ ಒಯ್ಯುವವರಿದ್ದಾರೆ, ಗೆದ್ದಲು ಬಾರದಂತೆ ಬಾಗಿಲ ಚೌಕಟ್ಟಿಗೆ ಬಳಿಯಲು ಊರವರೂ ಕೇಳುತ್ತಾರೆ. ರೊಕ್ಕ ಕೈಗೇ ಬರುತ್ತದೆ, ಚೀಟಿ ಕೇಳುವವರಿಲ್ಲ. ಆದರೆ ಎಂಜಿನ್ನಿನ ಲೋಹದ ಸವಕಲೆಲ್ಲ ಆ ಎಣ್ಣೆಯಲ್ಲಿರುತ್ತದೆ. ಭಟ್ಟಿಯಲ್ಲಿ ಸುಟ್ಟರೆ ಅದೇ ಹೊಗೆಯಾಗಿ ಓಣಿಗೆ ಬರುತ್ತದೆ.

ಕೊಡಬೇಕಾದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಶುದ್ಧೀಕರಣ ಘಟಕಕ್ಕೆ. ಲಾರಿ ಹೊರಡುವಾಗ ಮ್ಯಾನಿಫೆಸ್ಟ್ ಎಂಬ ಫಾರ್ಮ್ 10 ತುಂಬಿ, ನಿಮ್ಮ ಪ್ರತಿ ಇಟ್ಟುಕೊಳ್ಳಬೇಕು. ದಿನದ ಲೆಕ್ಕ ಫಾರ್ಮ್ 3ರಲ್ಲಿ, ವರ್ಷದ ಲೆಕ್ಕ ಜೂನ್ 30ರೊಳಗೆ ಫಾರ್ಮ್ 4ರಲ್ಲಿ. ಡ್ರಮ್ಮುಗಳನ್ನು ಅಂಗಳದಲ್ಲಿ 90 ದಿನಕ್ಕಿಂತ ಹೆಚ್ಚು ಇಡುವಂತಿಲ್ಲ. ವರ್ಷಕ್ಕೆ 10 ಟನ್ ಒಳಗಿನ ಸಣ್ಣವರು ಕೇಳಿದರೆ ಮಂಡಳಿ 180 ದಿನದವರೆಗೆ ಕೊಡಬಹುದು. ಯಾವುದೂ ಮಾರಾಟವಾಗದ ಹೊಲಸು, ಅಂದರೆ ತೊಟ್ಟಿಯ ತಳದ ಕೆಸರು, ಎಣ್ಣೆ ಕುಡಿದ ಹೊಟ್ಟು, ಅರಿವೆ, ಇವೆಲ್ಲ ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿರುವ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕದ ದಾರಿ ಹಿಡಿಯಬೇಕು. ಅಲ್ಲಿಯ ಸಾಗಣೆ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಹೊಲಸು ಕಡಿಮೆ ಹುಟ್ಟುವಂತೆ ಕೆಲಸ ಮಾಡುವುದೇ ಅದಕ್ಕೆ ಮದ್ದು.

ಟೈರು ಬಯಲಲ್ಲಿ ಬಿದ್ದಿರಬಾರದು, ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ನೀರು ನಿಲ್ಲಿಸಿದವರಿಗೆ ದಂಡವನ್ನೂ ಗೊತ್ತುಮಾಡಿದೆ. ತಾಮ್ರಕ್ಕಾಗಿ ವೈರು ಸುಡುವುದು ಇನ್ನೊಂದು ಪಿಡುಗು. ಪಿವಿಸಿ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ, ಜೊತೆಗೆ ಸುಟ್ಟ ತಾಮ್ರಕ್ಕೆ ರೇಟೂ ಕಡಿಮೆ. ಸಿಪ್ಪೆ ಸುಲಿಯುವ ಸಣ್ಣ ಮಶೀನು ತಂದರೆ ಕೆಲವೇ ತಿಂಗಳಲ್ಲಿ ಅದರ ದುಡ್ಡು ಹುಟ್ಟುತ್ತದೆ. ಸೀಟಿನ ಫೋಮು, ಗಾಜು, ಡ್ಯಾಶ್‌ಬೋರ್ಡು, ಇವು ಯಾರಿಗೂ ಬೇಡದ ಸಾಮಾನು. ಅನುಮತಿ ಇರುವ ಸಿಮೆಂಟ್ ಕಾರ್ಖಾನೆಗಳು ಫೋಮನ್ನು ಉರುವಲಾಗಿ ತೆಗೆದುಕೊಳ್ಳಬಹುದು. ಅಲ್ಲಿಗೆ ಕಳಿಸುವಷ್ಟು ರಾಶಿಯಾಗುವವರೆಗೆ ಶೆಡ್ಡಿನಲ್ಲಿ ಕಾಯಬೇಕು, ರಾತ್ರಿ ಕಡ್ಡಿ ಗೀರಬಾರದು.

ನೆರೆಹೊರೆಯವರ ದೂರು ಬಹುಪಾಲು ಹೊಗೆ ಮತ್ತು ಸದ್ದಿನ ಮೇಲೆಯೇ ಇರುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್. ಒಂದು ಸುತ್ತಿಗೆ ಏಟಿಗೇ ಅದು ಮುರಿಯುತ್ತದೆ. ಓಣಿಯೊಳಗಿನ ಅಂಗಳ ಬಿಟ್ಟು ತಾರಿಹಾಳದಂಥ ಕೈಗಾರಿಕಾ ಪ್ರದೇಶಕ್ಕೆ ಹೋಗಲು ಇದೊಂದೇ ಕಾರಣ ಸಾಕು.

ಕಾಗದ ಪತ್ರ

ನೋಂದಾಯಿತ ಘಟಕ ಮಾಡುವವರು ಸಾರಿಗೆ ಇಲಾಖೆಯ ನೋಂದಣಿಯ ಜೊತೆ ಮಾಲಿನ್ಯ ಮಂಡಳಿಯ ಎರಡು ಸಮ್ಮತಿ ಪತ್ರ ಪಡೆಯಬೇಕು: ಕಟ್ಟುವ ಮುಂಚೆ ಒಂದು, ನಡೆಸುವ ಮುಂಚೆ ಒಂದು. ಅಪಾಯಕಾರಿ ತ್ಯಾಜ್ಯದ ಅನುಮತಿ ಬೇರೆ. ನೋಂದಣಿ ಹತ್ತು ವರ್ಷಕ್ಕೆ. ಗಾಡಿ ಬಂದಾಗ ಅದು ಕಳವಿನದಲ್ಲ ಎಂದು ಪೊಲೀಸ್ ದಾಖಲೆಯಲ್ಲಿ ನೋಡಿ, ಮಾಲೀಕನಿಗೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಕೊಡಬೇಕು; ಒಡೆದ ಮೇಲೆ ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಕಾಪಿಡಬೇಕು.

ಅಷ್ಟು ಬಂಡವಾಳವಿಲ್ಲದ ಸಣ್ಣ ಗುಜರಿಯವರು ಬಾಗಿಲು ಮುಚ್ಚಬೇಕೇ? ನನಗೆ ಹಾಗನಿಸುವುದಿಲ್ಲ. ನೋಂದಾಯಿತ ಘಟಕಕ್ಕೆ ಗಾಡಿ ಕೂಡಿಸಿ ಕೊಡುವ ಕೇಂದ್ರವಾಗಬಹುದು, ಅಲ್ಲಿ ಎಣ್ಣೆ ಇಳಿಸಿ ಒಣಗಿಸಿದ ಕಬ್ಬಿಣ, ಅಲ್ಯುಮಿನಿಯಂ ಕೊಂಡು ವ್ಯಾಪಾರ ಮಾಡಬಹುದು. ಹಸಿ ಕೆಲಸ ದೊಡ್ಡವರಿಗೆ, ಒಣ ಕೆಲಸ ಸಣ್ಣವರಿಗೆ. ಕಾನೂನು ಮಾಡಿದವರು ಈ ಜನರ ಕೈಚಳಕವನ್ನು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ, ಅದು ಬೇರೆ ದುಃಖ.

ಗಾಡಿ ಮಾರುವವರಿಗೂ ಒಂದು ಮಾತು. ಎರಡು ಸಾವಿರ ಹೆಚ್ಚು ಸಿಗುತ್ತದೆಂದು ಚೀಟಿ ಇಲ್ಲದೆ ಕೊಟ್ಟರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆ ನಂಬರ್ ಪ್ಲೇಟು ಇನ್ನೊಂದು ಗಾಡಿಗೆ ಹತ್ತಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ಗಾಡಿ ನಾಶವಾದದ್ದನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಡಿಪಾಸಿಟ್ ಸರ್ಟಿಫಿಕೇಟ್ ಇದ್ದರೆ ಹೊಸ ಗಾಡಿ ಕೊಳ್ಳುವಾಗ ರಾಜ್ಯ ಗೊತ್ತುಮಾಡಿದಷ್ಟು ತೆರಿಗೆ ರಿಯಾಯಿತಿಯೂ ಸಿಗುತ್ತದೆ. ಖಾಸಗಿ ಗಾಡಿಗೆ ಶೇ 25ರವರೆಗೆ ಕೊಡಬಹುದೆಂದು ಕೇಂದ್ರದ ನಿಯಮ.

ಹಳೆಯ ನೆಲ

ಹೊಸ ಶೆಡ್ಡು ಕಟ್ಟಿದವರಿಗೂ ಹಳೆಯ ಪಾಪ ಬಿಡುವುದಿಲ್ಲ. ಇಪ್ಪತ್ತು ವರ್ಷ ಎಣ್ಣೆ ಕುಡಿದ ನೆಲ ಅಲ್ಲೇ ಇರುತ್ತದೆ. ರೋಹಿಣಿ ಮಳೆಯ ಎರಡು ಹನಿ ಬಿದ್ದ ಮೇಲೆ ನಾನು ಮತ್ತೆ ಅದೇ ಅಂಗಳಕ್ಕೆ ಹೋದೆ. ಮೇಸ್ತ್ರಿ ಮಾರುತಿಯ ಬಾನೆಟ್ಟನ್ನು ಬೋರಲು ಹಾಕಿ, ಅಂಚು ಬಡಿದು ಎಣ್ಣೆ ಹಿಡಿಯುವ ತಟ್ಟೆ ಮಾಡಿಕೊಂಡಿದ್ದರು. ಒಳ್ಳೆಯ ಕೆಲಸ. ಕಳೆದ ಸಲ ಹುಡುಗ ನಟ್ಟು ಬಿಚ್ಚಿದ ಜಾಗ ತೋರಿಸಿ, "ಇಲ್ಲೆಷ್ಟು ಇಳದಿರಬೇಕ್ರಿ?" ಎಂದು ಅವರೇ ಕೇಳಿದರು.

ಎರೆಮಣ್ಣಿನಲ್ಲಿ ಕಣ್ಣು ನಂಬುವಂತಿಲ್ಲ, ಆಗಲೇ ಹೇಳಿದೆನಲ್ಲ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅರ್ಧ ಅಡಿಗೊಮ್ಮೆ ಒಂದು ಹಿಡಿ ಮಣ್ಣು ತೆಗೆದು, ಬೇರೆಬೇರೆ ಗಾಜಿನ ಗ್ಲಾಸಿನಲ್ಲಿ ನೀರು ಹಾಕಿ ಕಲಸಿ, ಒಂದು ತಾಸು ಬಿಡಬೇಕು. ಎಣ್ಣೆ ಇದ್ದರೆ ಮೇಲೆ ನವಿಲುಗರಿ ಬಣ್ಣದ ಪೊರೆ ಕಟ್ಟುತ್ತದೆ. ಕೊಳೆತ ಎಲೆ, ಕಬ್ಬಿಣದ ಅಂಶಕ್ಕೂ ಕೆಲವೊಮ್ಮೆ ಇಂಥ ಪೊರೆ ಬರುವುದುಂಟು. ಕಡ್ಡಿಯಿಂದ ಕೆದಕಿದರೆ ಅದು ಗಾಜಿನ ಚೂರಿನಂತೆ ಒಡೆದು ಬಿಡಿಬಿಡಿಯಾಗಿ ನಿಲ್ಲುತ್ತದೆ, ಎಣ್ಣೆಯದಾದರೆ ಮತ್ತೆ ಕೂಡಿಕೊಳ್ಳುತ್ತದೆ. ಪೊರೆ ಬಂದಷ್ಟು ಆಳದ ಮಣ್ಣನ್ನು ಹೊಲಕ್ಕಾಗಲಿ ತಗ್ಗು ತುಂಬಲಿಕ್ಕಾಗಲಿ ಹಾಕುವಂತಿಲ್ಲ. ಮಂಡಳಿಯ ಪ್ರಾದೇಶಿಕ ಕಚೇರಿಗೆ ತಿಳಿಸಿ, ಪ್ರಯೋಗಾಲಯಕ್ಕೆ ಮಾದರಿ ಕೊಟ್ಟು, ಅವರು ಹೇಳಿದ ಕಡೆ ಕಳಿಸಬೇಕು. ಕಲುಷಿತ ಜಾಗಗಳಿಗೆಂದೇ 2025ರಲ್ಲಿ ಬೇರೆ ನಿಯಮ ಬಂದಿದೆ. ಕೆಡಿಸಿದವನೇ ಖರ್ಚು ಹೊರಬೇಕು ಎನ್ನುತ್ತದೆ ಅದು.

ಹುಡುಗ ಸಲಿಕೆ, ಹಾರೆ ತಂದ. ಅರ್ಧ ಅಡಿ, ಒಂದು ಅಡಿ, ಒಂದೂವರೆ, ಎರಡು. ಚಹಾದ ಗ್ಲಾಸುಗಳನ್ನೇ ತೊಳೆದು ಬಾನೆಟ್ಟಿನ ಪಕ್ಕದ ಕಲ್ಲಿನ ಮೇಲೆ ಸಾಲಾಗಿ ಇಟ್ಟೆವು. ಮೊದಲ ಮೂರರಲ್ಲಿ ಬಣ್ಣ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಅಡಿಯ ಮಣ್ಣಿದ್ದ ನಾಲ್ಕನೆಯ ಗ್ಲಾಸು ಬಹಳ ಹೊತ್ತು ಸುಮ್ಮನಿತ್ತು. ಮೇಸ್ತ್ರಿ ಬೀಡಿ ಹಚ್ಚಲು ಹೊರಗೆ ಹೋಗಿ ಬರುವಷ್ಟರಲ್ಲಿ ಅಂಚಿಗೆ ತೆಳ್ಳಗೆ ನೀಲಿ, ಕೆಂಪು ಮೂಡಿತ್ತು. ಹುಡುಗ ಕಡ್ಡಿಯಿಂದ ಗೀರಿದ. ಪೊರೆ ಎರಡಾಯಿತು, ಕಡ್ಡಿ ತೆಗೆದ ಕೂಡಲೇ ಮತ್ತೆ ಒಂದಾಯಿತು.

"ಇನ್ನೊಂದ್ ಗ್ಲಾಸ್ ತಗೊಂಡ್ ಬಾ," ಎಂದರು ಮೇಸ್ತ್ರಿ.